ಜೂನ್‌ನಿಂದ ತುಲಾ ಸಂಕ್ರಮಣದವರೆಗೆ ಫಸ್ಟ್ ಪ್ರೆಸ್ ಮಾರಾಟ ಇಲ್ಲ

ಮಡಿಕೇರಿ, ಮೇ ತಿಂಗಳು

ಪ್ರಿಯ ಗ್ರಾಹಕರೇ, ನಮಸ್ಕಾರ.

ಈ ವರ್ಷದಿಂದ ಜೂನ್ ಮೊದಲ ವಾರದಿಂದ ತುಲಾ ಸಂಕ್ರಮಣದವರೆಗೆ, ಅಂದರೆ ಅಕ್ಟೋಬರ್ ಮಧ್ಯದವರೆಗೆ, ನಮ್ಮ ರೆಕಾರ್ಡ್ ಅಂಗಡಿಯಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಎಲ್‌ಪಿಯ ಫಸ್ಟ್ ಪ್ರೆಸ್, ಅಂದರೆ ಮೊದಲ ಮುದ್ರಣದ ರೆಕಾರ್ಡ್, ಮಾರುವುದಿಲ್ಲ. ಕೊಳ್ಳುವುದೂ ಇಲ್ಲ. ನಿಮ್ಮ ಹತ್ತಿರ ಇರುವುದನ್ನು ಕೇಳಿ ನೋಡಿ ಎಷ್ಟು ಚೆನ್ನಾಗಿದೆ ಅಂತ ಗ್ರೇಡ್ ಹಾಕಿಕೊಡುವ ಕೆಲಸವನ್ನೂ ಆ ತಿಂಗಳುಗಳಲ್ಲಿ ಮಾಡುವುದಿಲ್ಲ. ಸಂಕ್ರಮಣ ಮುಗಿದ ಮೇಲೆ ಮತ್ತೆ ಶುರು ಮಾಡುತ್ತೇವೆ. ಆಗಿನಿಂದ ಇನ್ನೊಂದು ಬದಲಾವಣೆಯೂ ಇದೆ. ಡಿಸ್ಕ್‌ಗೆ ಒಂದು ಬೆಲೆ, ಕವರ್‌ಗೆ ಒಂದು ಬೆಲೆ ಅಂತ ಬೇರೆ ಬೇರೆ ಬರೆಯುತ್ತೇವೆ.

ಉಳಿದ ರೆಕಾರ್ಡ್‌ಗಳು, ಅಂದರೆ ಕನ್ನಡ ಮತ್ತು ಹಿಂದಿ ಸಿನಿಮಾ ಹಾಡು, ಜಾಝ್, ಈಚೆಗೆ ಮತ್ತೆ ಅಚ್ಚಾದ ರೀಇಶ್ಯೂ, ಎಲ್ಲ ಮಳೆಗಾಲದಲ್ಲೂ ಎಂದಿನಂತೆ ಸಿಗುತ್ತವೆ.

ಒಂದು ಎಲ್‌ಪಿಗೆ ಇಷ್ಟೊಂದು ನಿಯಮ ಯಾಕೆ ಅಂತ ಕೇಳುತ್ತೀರಿ. ನಮ್ಮಲ್ಲಿ ಅತಿ ಹೆಚ್ಚು ಜನ ಕೇಳುವುದು ಇದನ್ನೇ. 2025ರ ಜುಲೈ 22ರಂದು ಬ್ಯಾಂಡಿನ ಹಾಡುಗಾರ ಓಜಿ ಆಸ್ಬಾರ್ನ್ ತೀರಿಕೊಂಡ ಮೇಲೆ ಇದಕ್ಕೆ ಬರುವ ಫೋನ್ ಇನ್ನೂ ಜಾಸ್ತಿಯಾಗಿದೆ. ದೊಡ್ಡ ಬೆಲೆಯ ರೆಕಾರ್ಡ್ ಬೇರೆ. ಆ ಬೆಲೆ ಕೊಡುವವರಿಗೆ ನಾವು ಏನು ಹೇಳಿ ಮಾರುತ್ತೇವೋ ಅದು ಕಿವಿಯಿಂದ ಕೇಳಿ ಹೇಳಿದ್ದಾಗಿರಬೇಕು, ಅಲ್ವಾ?

ತೊಡಕು ಇರುವುದೇ ಅಲ್ಲಿ. ಈ ಎಲ್‌ಪಿ ಶುರುವಾಗುವುದು ಮಳೆಯಿಂದ. ಸೂಜಿ ಇಟ್ಟ ಕೂಡಲೇ ಮಳೆ ಸುರಿಯುತ್ತದೆ, ಗುಡುಗು ಕೇಳುತ್ತದೆ, ದೂರದಲ್ಲೆಲ್ಲೋ ಚರ್ಚಿನ ಗಂಟೆ ಹೊಡೆಯುತ್ತದೆ. ಅರ್ಧ ನಿಮಿಷದಷ್ಟು ಹೊತ್ತು ಅಷ್ಟೇ. ಆಮೇಲೆ ಟೋನಿ ಐಯೋಮಿಯ ಗಿಟಾರ್ ಬಂದು ಬೀಳುತ್ತದೆ. 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಬ್ಯಾಂಡ್‌ನವರು ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದು ಇದು. ಮಳೆ, ಗಂಟೆ ಎಲ್ಲ ಆಮೇಲೆ ಸೇರಿಸಿದ್ದು. ಸೇರಿಸಿದವರಿಗೆ ಕೊಡಗಿನಲ್ಲಿ ಇದನ್ನು ಜುಲೈ ತಿಂಗಳಲ್ಲಿ ಕೂತು ಕೇಳುವವರಿದ್ದಾರೆ ಅನ್ನುವ ಯೋಚನೆ ಇದ್ದಿರಲಿಕ್ಕಿಲ್ಲ.

ಹಳೇ ಡಿಸ್ಕ್ ಎಷ್ಟು ಸವೆದಿದೆ ಅಂತ ಗೊತ್ತಾಗುವುದು ಗದ್ದಲದ ಜಾಗದಲ್ಲಲ್ಲ. ಬಿಲ್ ವಾರ್ಡ್ ಡ್ರಮ್ ಬಾರಿಸುವಾಗ ಸಣ್ಣ ಪುಟ್ಟ ಗೀರೆಲ್ಲ ಮುಚ್ಚಿಹೋಗುತ್ತದೆ. ಈ ಮೊದಲ ಅರ್ಧ ನಿಮಿಷ, ಮತ್ತು ಎರಡನೇ ಬದಿಯಲ್ಲಿ 'ಸ್ಲೀಪಿಂಗ್ ವಿಲೇಜ್' ಶುರುವಾಗುವ ಮೆಲ್ಲನೆಯ ಜಾಗ, ಈ ಎರಡು ಕಡೆ ನಾವು ಕಿವಿ ಕೊಟ್ಟು ಕೂರುತ್ತೇವೆ. ಮಳೆ ಶಬ್ದದ ಒಳಗೆ ರೆಕಾರ್ಡಿನ ಚಟಪಟ ಸೇರಿಕೊಂಡರೆ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಒಂದು ಗುರುತು ಇದೆ. 33⅓ ಸ್ಪೀಡಿನಲ್ಲಿ ಡಿಸ್ಕ್ ಒಂದು ಸುತ್ತು ಬರಲು 1.8 ಸೆಕೆಂಡ್ ಬೇಕು. ಅಡ್ಡ ಗೀರು ಇದ್ದರೆ 'ಟಕ್' ಅನ್ನುವ ಶಬ್ದ ಅದೇ ಅಂತರದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೂತು ಎಣಿಸಿದರೆ ಸಿಕ್ಕಿಬಿಡುತ್ತದೆ. ಮಳೆಗೆ ಅಂಥ ತಾಳ ಇಲ್ಲ. ಆದರೆ ನಮ್ಮ ಅಂಗಡಿಯ ಮಾಡಿಗೆ ಜಿಂಕ್ ಶೀಟು. ಜುಲೈನಲ್ಲಿ ಅದರ ಮೇಲೆ ಬೀಳುವ ಮಳೆಯಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಈ ಟಕ್ ಎಲ್ಲಿ ಕೇಳಬೇಕು?

ಹೆಡ್‌ಫೋನ್ ಹಾಕಿಕೊಳ್ಳಿ ಅಂತ ಕೆಲವರು ಹೇಳಿದ್ದಾರೆ. ಶಬ್ದಕ್ಕೇನೋ ಅದು ಸಾಕು. ತಂಡಿಗೆ ಸಾಲದು. ಡಿಸ್ಕ್ ಪ್ಲಾಸ್ಟಿಕ್, ಅದನ್ನು ಬೂಷ್ಟು ತಿನ್ನುವುದಿಲ್ಲ. ಅದರ ಮೇಲಿನ ಧೂಳು, ಬೆರಳಿನ ಜಿಡ್ಡು ಸಿಕ್ಕರೆ ಸಾಕು, ಕೂತುಬಿಡುತ್ತದೆ. ಕವರ್ ಮಾತ್ರ ರಟ್ಟು, ನೀರಿನ ಪಸೆ ಹೀರಿಕೊಂಡೇ ಹೀರಿಕೊಳ್ಳುತ್ತದೆ. ಈ ಎಲ್‌ಪಿಯ ಕವರ್ ಬಿಡಿಸಿದರೆ ಒಳಗೆ ಕಪ್ಪು ಹಿನ್ನೆಲೆ, ತಲೆಕೆಳಗಾದ ಶಿಲುಬೆ, ಅದರೊಳಗೆ ಪದ್ಯ. ಆ ಕಪ್ಪಿನ ಮೇಲೆ ಬಿಳಿ ಬೂಷ್ಟಿನ ಒಂದು ಚುಕ್ಕೆ ಬಿದ್ದರೂ ಎದ್ದು ಕಾಣುತ್ತದೆ. ಒರೆಸಿದರೆ ಕಲೆ ಉಳಿಯುತ್ತದೆ. ಬೇರೆ ಊರಿನಿಂದ ಒಣಗಿದ ಹವೆಯಲ್ಲಿ ಬಂದ ಕವರನ್ನು ಆಗಸ್ಟ್‌ನಲ್ಲಿ ಇಲ್ಲಿ ಬಿಚ್ಚಿ, ನೋಡಿ, ಮತ್ತೆ ಪ್ಯಾಕ್ ಮಾಡಿ ಕಳಿಸುವುದು ಬೇಡ ಅಂತ ನಮ್ಮ ತೀರ್ಮಾನ.

ಇನ್ನು ಬೆಲೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಇಂಗ್ಲೆಂಡಿನಲ್ಲಿ ಈ ಎಲ್‌ಪಿ ಬಿಡುಗಡೆಯಾದದ್ದು 1970ರ ಫೆಬ್ರವರಿ 13, ಶುಕ್ರವಾರ. ಹೊರತಂದ ಕಂಪನಿ, ಅಂದರೆ ಲೇಬಲ್, ವರ್ಟಿಗೋ. ಫಿಲಿಪ್ಸ್‌ನವರು ಹೊಸ ತಲೆಮಾರಿನ ರಾಕ್‌ಗಾಗಿ ಆಗಷ್ಟೇ ಶುರು ಮಾಡಿದ್ದ ಲೇಬಲ್ ಅದು. ನಂಬರ್ ವಿಒ 6. ಡಿಸ್ಕಿನ ನಡುವೆ ಅಂಟಿಸಿದ ಕಾಗದಕ್ಕೂ ಲೇಬಲ್ ಅಂತಲೇ ಹೆಸರು; ಒಂದು ಬದಿಯಲ್ಲಿ ಆ ಲೇಬಲ್ ತುಂಬ ಕಪ್ಪು ಬಿಳಿ ಸುಳಿ, ಎರಡೂ ಬದಿಯ ಹಾಡುಗಳ ಹೆಸರು ಇನ್ನೊಂದು ಬದಿಯಲ್ಲಿ. ಟರ್ನ್‌ಟೇಬಲ್ ಮೇಲೆ ತಿರುಗುವಾಗ ಆ ಸುಳಿಯನ್ನೇ ನೋಡುತ್ತಾ ಕೂತರೆ ತಲೆ ತಿರುಗುತ್ತದೆ. ಮೊದಲ ಮುದ್ರಣದ ಲೇಬಲ್‌ನಲ್ಲಿ ವರ್ಟಿಗೋ ಹೆಸರಿನ ಕೆಳಗೆ 'ಎ ಫಿಲಿಪ್ಸ್ ರೆಕಾರ್ಡ್ ಪ್ರಾಡಕ್ಟ್' ಅನ್ನುವ ಸಣ್ಣ ಸಾಲು ಇರುತ್ತದೆ. ಸುಳಿ ಇದ್ದು ಆ ಸಾಲು ಇಲ್ಲದಿದ್ದರೆ ಅದು ಆಮೇಲಿನ ಮುದ್ರಣ. ಕೆಲವು ವರ್ಷ ಕಳೆದ ಮೇಲೆ ಇದೇ ಎಲ್‌ಪಿ ಡಬ್ಲ್ಯೂಡಬ್ಲ್ಯೂಎ, ಆಮೇಲೆ ನೆಮ್ಸ್ ಲೇಬಲ್‌ನಲ್ಲೂ ಬಂತು. ಚೆನ್ನಾಗಿಯೇ ಕೇಳಿಸುತ್ತವೆ, ಆದರೆ ಫಸ್ಟ್ ಪ್ರೆಸ್ ಅಲ್ಲ.

ಅಮೆರಿಕದ್ದು ಬೇರೆಯೇ ಕತೆ. ಅಲ್ಲಿ ವಾರ್ನರ್ ಬ್ರದರ್ಸ್‌ನವರು 1970ರ ಮಧ್ಯದಲ್ಲಿ ಹಸಿರು ಲೇಬಲ್‌ನಲ್ಲಿ ತಂದರು. ಇಂಗ್ಲೆಂಡಿನ ಡಿಸ್ಕಿನ ಎರಡನೇ ಬದಿ 'ಈವಿಲ್ ವುಮನ್' ಹಾಡಿನಿಂದ ಶುರು. ಅಮೆರಿಕದ್ದರಲ್ಲಿ ಅದು ಇಲ್ಲ, ಬದಲಿಗೆ 'ವಿಕೆಡ್ ವರ್ಲ್ಡ್' ಇದೆ. ಹಸಿರು ಲೇಬಲ್ ಅನ್ನು ಅಮೆರಿಕದ ಫಸ್ಟ್ ಪ್ರೆಸ್ ಅಂತಲೇ ಮಾರುತ್ತೇವೆ, ಅದರ ಬೆಲೆಯೇ ಬೇರೆ. ಸುಳಿ ಲೇಬಲ್‌ನ ಬೆಲೆ ಅದಕ್ಕೆ ಕೇಳುವುದಿಲ್ಲ, ಕೇಳುವವರಿಗೆ ನೀವು ಕೊಡಲೂ ಬೇಡಿ.

ಸಮಸ್ಯೆ ಬರುವುದು ಡಿಸ್ಕ್ ಒಂದು ಮನೆಯದು, ಕವರ್ ಇನ್ನೊಂದು ಮನೆಯದು ಆದಾಗ. ಐವತ್ತು ವರ್ಷಕ್ಕೂ ಹಿಂದಿನ ವಸ್ತು. ಕವರ್ ಹರಿದಿರುತ್ತದೆ, ಡಿಸ್ಕ್ ಒಡೆದಿರುತ್ತದೆ, ಯಾರೋ ಎರಡನ್ನು ಸೇರಿಸಿ ಒಂದು ಮಾಡಿರುತ್ತಾರೆ. 1970ರ ಕವರಿನೊಳಗೆ ಆಮೇಲಿನ ಡಿಸ್ಕ್ ಇರುವುದು ಅಪರೂಪ ಏನಲ್ಲ. ಇದರಲ್ಲಿ ಮೋಸವೇ ಇರಬೇಕೆಂದೂ ಇಲ್ಲ. ಆದರೆ ಮಾರುವವರು ಕಳಿಸುವ ಫೋಟೋದಲ್ಲಿ ಕಾಣುವುದು ಕವರಿನ ಮೇಲಿನ ಚಿತ್ರ, ಆಕ್ಸ್‌ಫರ್ಡ್‌ಶೈರ್‌ನ ನೀರುಗಿರಣಿ, ಅದರ ಮುಂದೆ ನಿಂತ ಕಪ್ಪು ಬಟ್ಟೆಯ ಹೆಂಗಸು, ಅಷ್ಟೇ. ಕವರ್ ನೋಡಿ ದುಡ್ಡು ಕಳಿಸುವವರು ನಿಜವಾಗಿ ಕೊಳ್ಳುತ್ತಿರುವುದು ಕವರನ್ನು.

ಅದಕ್ಕೇ ಬೆಲೆ ಬೇರೆ ಮಾಡಿದ್ದು. ಇನ್ನು ಮುಂದೆ ಪ್ರತಿ ರೆಕಾರ್ಡಿನ ಜೊತೆ ಒಂದು ಚೀಟಿ ಬರುತ್ತದೆ. ಲೇಬಲ್ ಮೇಲೆ ಏನಿದೆ, ರನ್‌ಔಟ್‌ನಲ್ಲಿ ಏನು ಕೊರೆದಿದೆ, ಡಿಸ್ಕಿನ ಗ್ರೇಡ್ ಏನು, ಕವರಿನ ಗ್ರೇಡ್ ಏನು, ಎಲ್ಲ ಅದರಲ್ಲಿರುತ್ತದೆ. ರನ್‌ಔಟ್ ಅಂದರೆ ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ನುಣುಪು ಜಾಗ. ಅಲ್ಲಿರುವ ಅಂಕಿ ನೇರವಾಗಿ ನೋಡಿದರೆ ಕಾಣುವುದಿಲ್ಲ. ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಟಾರ್ಚ್ ಬೆಳಕು ಅಡ್ಡಕ್ಕೆ ಬೀಳುವಂತೆ ಮೆಲ್ಲಗೆ ವಾಲಿಸಬೇಕು. ಒಂದು ಕೋನದಲ್ಲಿ ಅಂಕಿ ತಟ್ಟನೆ ಹೊಳೆಯುತ್ತದೆ, ಒಂದು ಕೂದಲು ಆಚೆ ವಾಲಿಸಿದರೆ ಮತ್ತೆ ಮಾಯ. ನಾವು ಓದಿದ್ದನ್ನು ಓದಿದ ಹಾಗೇ ಬರೆಯುತ್ತೇವೆ. ನೀವೂ ಮನೆಯಲ್ಲಿ ಟಾರ್ಚ್ ಹಿಡಿದು ತಾಳೆ ನೋಡಿಕೊಳ್ಳಬಹುದು.

ಡಿಸ್ಕ್ ಮಾತ್ರ ಬೇಕು ಅನ್ನುವವರಿಗೆ ಡಿಸ್ಕ್ ಮಾತ್ರ ಕೊಡುತ್ತೇವೆ. ಮನೆಯಲ್ಲಿ ಒಳ್ಳೆಯ ಕವರ್ ಇದೆ ಅನ್ನುವವರಿಗೆ ಇದರಿಂದ ಉಳಿತಾಯವೇ.

ಸುಮಾರು ಜನ ಎಸ್ಟೇಟ್ ಬಂಗಲೆಗಳಲ್ಲಿ ಹುಡುಕಿದರೆ ಸಿಗಬಹುದಲ್ಲ ಅಂತ ಕೇಳುತ್ತಾರೆ. ಹುಡುಕುತ್ತಲೇ ಇದ್ದೇವೆ. ರೇಡಿಯೋಗ್ರಾಂ ಪಕ್ಕದ ಪೆಟ್ಟಿಗೆ ತೆಗೆದರೆ ಜಿಮ್ ರೀವ್ಸ್ ಸಿಗುತ್ತಾನೆ, ಕ್ಲಿಫ್ ರಿಚರ್ಡ್ ಸಿಗುತ್ತಾನೆ, ಕೋಲ್ಕತ್ತದ ಡಂಡಂನಲ್ಲಿ ಅಚ್ಚಾದ ಎಚ್‌ಎಂವಿ ಡಿಸ್ಕ್‌ಗಳು ಧಾರಾಳ ಸಿಗುತ್ತವೆ. ಸುಳಿ ಲೇಬಲ್ ಸಿಗುವುದಿಲ್ಲ. ನಮಗೆ ಇದು ಬರುವುದು ಬಹುತೇಕ ಹೊರಗಿನಿಂದಲೇ. ಸಾಗಾಟ, ಸುಂಕ ಸೇರಿ ಬೆಲೆ ಏರುತ್ತದೆ.

ಆ ಬೆಲೆ ಒಟ್ಟಿಗೆ ಕೊಡುವುದು ಕಷ್ಟ ಅಂತ ಗೊತ್ತು. ತೋಟದವರ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ. ಹಾಗಾಗಿ ಅಕ್ಟೋಬರ್ ಕೊನೆಯಲ್ಲಿ ಕಾದಿರಿಸಿದರೆ ಕಾಲು ಭಾಗ ಮುಂಗಡ ಸಾಕು. ಉಳಿದದ್ದನ್ನು ಮಾರ್ಚ್ ಒಳಗೆ ಕೊಡಿ. ಹೂಮಳೆ ಬರುವವರೆಗೂ ಎಳೆಯಬೇಡಿ, ದಯವಿಟ್ಟು. ಕಾದಿರಿಸಿದ ಡಿಸ್ಕನ್ನು ಅಂಗಡಿಗೆ ಬಂದು ಎರಡೂ ಬದಿ ಪೂರ್ತಿ ಕೇಳಿ ನೋಡಬಹುದು. ಬೇಡ ಅನಿಸಿದರೆ ಮುಂಗಡ ವಾಪಸ್.

ಈಗಾಗಲೇ ಮುಂಗಡ ಕೊಟ್ಟು ಕಾಯುತ್ತಿರುವವರಿಗೆ ಹಳೇ ಲೆಕ್ಕವೇ ನಡೆಯುತ್ತದೆ, ಬೆಲೆ ಬದಲಾಗುವುದಿಲ್ಲ. ರೆಕಾರ್ಡ್ ಮಾತ್ರ ಸಂಕ್ರಮಣ ಮುಗಿದ ಮೇಲೆಯೇ ಕೈಗೆ ಸಿಗುತ್ತದೆ. ಕಾಯುವುದು ಬೇಡ ಅನ್ನುವವರು ತಿಳಿಸಿ, ಹಣ ಹಿಂದಿರುಗಿಸುತ್ತೇವೆ.

ಅಂಚೆಯಲ್ಲಿ ತರಿಸಿಕೊಳ್ಳುವವರು ಪೆಟ್ಟಿಗೆ ಬಿಚ್ಚಿದಾಗ ಡಿಸ್ಕ್ ಕವರಿನ ಹೊರಗೆ ಬೇರೆಯಾಗಿ ಇದ್ದರೆ ಗಾಬರಿಯಾಗಬೇಡಿ. ಒಳಗೇ ಇಟ್ಟು ಕಳಿಸಿದರೆ ದಾರಿಯಲ್ಲಿ ಡಿಸ್ಕ್ ಅಲುಗಾಡಿ ಕವರಿನ ಅಂಚು ಸೀಳುತ್ತದೆ.

ಮಳೆಗಾಲದಲ್ಲಿ ನಿಮ್ಮ ಮನೆಯ ಫಸ್ಟ್ ಪ್ರೆಸ್ ಬಗ್ಗೆಯೂ ಎರಡು ಮಾತು. ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಬೇಡಿ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ, ಆ ಗೋಡೆ ಜುಲೈನಲ್ಲಿ ಬೆವರುತ್ತದೆ. ದಪ್ಪ ಪಿವಿಸಿ ಚೀಲದಲ್ಲಿ ವರ್ಷಗಟ್ಟಲೆ ಬಿಟ್ಟರೆ ಡಿಸ್ಕಿನ ಮೇಲೆ ಮಂಜು ಕವಿದಂಥ ಮಸುಕು ಕೂರುತ್ತದೆ, ಅದು ತೊಳೆದರೂ ಹೋಗುವುದಿಲ್ಲ. ಮಾಮೂಲಿ ಪಾಲಿಥೀನ್ ಚೀಲ ಸಾಕು. ಅಡುಗೆಮನೆಯ ಅಟ್ಟದಲ್ಲಿ ಬೆಚ್ಚಗಿರುತ್ತದೆ ಅಂತ ಅಲ್ಲಿ ಇಡುವವರೂ ಇದ್ದಾರೆ. ಬಿಸಿಗೆ ಡಿಸ್ಕ್ ಸೊಟ್ಟಗಾಗುತ್ತದೆ, ಸುಮ್ನೆ ಕೋಣೆಯ ಒಳಗೋಡೆ ಪಕ್ಕ ಇಟ್ಟುಬಿಡಿ.

ಗ್ರೇಡ್ ಹಾಕಿಸಲು ನಮ್ಮಲ್ಲಿ ಬಿಟ್ಟುಹೋದ ರೆಕಾರ್ಡ್‌ಗಳನ್ನು ಮೇ 31ರೊಳಗೆ ತೆಗೆದುಕೊಂಡು ಹೋಗಿ. ಬರುವಾಗ ರಸೀದಿ ತನ್ನಿ. ವಿರಾಜಪೇಟೆ, ಗೋಣಿಕೊಪ್ಪ ಕಡೆಯಿಂದ ಬರುವವರು ಹೊರಡುವ ಮೊದಲು ಒಂದು ಫೋನ್ ಮಾಡಿ. ಗುರುವಾರ ಅಂಗಡಿಗೆ ರಜೆ.

ನಿಮ್ಮ,
ಅಂಗಡಿಯವರು