ಗೋಡೆ ಯಾರದು ಅಂತ ಮೊದಲು ಕೇಳು

ಮೈಸೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಿನ್ನ ಮೆಸೇಜ್ ಓದಿದೆ. ಬರ್ಲಿನ್‌ಗೆ ಹೋಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಆಗಲೇ ರಾತ್ರಿ ಹೊತ್ತು ಸ್ಪ್ರೇ ಡಬ್ಬಿ ಹಿಡಿದು, ಗೆಳೆಯರ ಜೊತೆ ರೈಲು ನಿಲ್ಲಿಸುವ ಯಾರ್ಡಿಗೆ ಹೋಗಿ ರೈಲಿನ ಮೇಲೆ ನನ್ನ ಹೆಸರು ಬರೆಯುತ್ತೇನೆ ಅಂತ ಬರೆದಿದ್ದೀಯ. ಅಪ್ಪನಿಗೆ ಹೇಳಬೇಡಿ ಅಂತಲೂ ಬರೆದಿದ್ದೀಯ. ಹೇಳಿಲ್ಲ. ಆದರೆ ನಿನಗೆ ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಜರ್ಮನಿಯಲ್ಲಿ 2005ರಲ್ಲಿ ಕಾಯ್ದೆ ತಿದ್ದಿದರು. ಬೇರೆಯವರ ವಸ್ತು ಮುರಿಯಬೇಕು ಅಂತೇನಿಲ್ಲ, ಅವರ ಒಪ್ಪಿಗೆ ಇಲ್ಲದೆ ಅದರ ರೂಪ ಕೆಡಿಸಿದರೂ ಅಪರಾಧವೇ. ದಂಡ, ಇಲ್ಲವೇ ಎರಡು ವರ್ಷದವರೆಗೆ ಜೈಲು. ತೊಳೆಸಿದ ಖರ್ಚನ್ನೂ ಕೇಳುತ್ತಾರೆ. ನೀನು ಅಲ್ಲಿ ಇರುವುದು ಸ್ಟೂಡೆಂಟ್ ವೀಸಾದ ಮೇಲೆ. ಇಷ್ಟು ಸಾಕು ಅಲ್ವಾ?

ಚಿತ್ರ ಬಿಡಿಸಬೇಡ ಅಂತ ನಾನು ಯಾವತ್ತೂ ಹೇಳುವವಳಲ್ಲ. ಮೂವತ್ತು ವರ್ಷ ಮಕ್ಕಳ ಕೈಗೆ ಬಣ್ಣ ಕೊಟ್ಟವಳು ನಾನು. ನಿನಗೂ ಮೊದಲ ಬ್ರಷ್ ಹಿಡಿಸಿದ್ದು ನಾನೇ. ನಾನು ಹೇಳುವುದು ಇಷ್ಟೇ: ಬಿಡಿಸುವ ಮೊದಲು ನೋಡು. ಆ ಊರಿನ ಗೋಡೆಗಳು ಒಂದೊಂದೂ ಒಂದೊಂದು ಕಥೆ ಹೇಳುತ್ತವೆ.

ಒಂದು ಭಾನುವಾರ ಬೆಳಿಗ್ಗೆ ಬೇಗ ಎದ್ದು ಓಸ್ಟ್‌ಬಾನ್‌ಹೋಫ್ ಸ್ಟೇಷನ್ನಿನಲ್ಲಿ ಇಳಿ. ಅಲ್ಲಿಂದ ಹತ್ತಿರದಲ್ಲೇ ಈಸ್ಟ್ ಸೈಡ್ ಗ್ಯಾಲರಿ ಶುರುವಾಗುತ್ತದೆ. ಒಂದು ಕಾಲಕ್ಕೆ ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆಯ ಉಳಿದ ಒಂದು ತುಂಡು ಅದು, 1.3 ಕಿಲೋಮೀಟರ್ ಉದ್ದ. ಗೋಡೆ ಬಿದ್ದ ಮೇಲೆ, 1990ರಲ್ಲಿ, 21 ದೇಶಗಳ 118 ಕಲಾವಿದರು ಅಲ್ಲಿ ಚಿತ್ರ ಬಿಡಿಸಿದರು. ಎಲ್ಲರೂ ದ್ಮಿತ್ರಿ ವ್ರೂಬೆಲ್ ಬಿಡಿಸಿದ ಸೋವಿಯತ್ ನಾಯಕ ಬ್ರೆಜ್ನೆವ್, ಪೂರ್ವ ಜರ್ಮನಿಯ ನಾಯಕ ಹೊನೆಕರ್ ಇಬ್ಬರ ಮುತ್ತಿನ ಚಿತ್ರದ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗಿಬಿಡುತ್ತಾರೆ. ನೀನು ಹಾಗೆ ಮಾಡಬೇಡ. ಗೋಡೆಯ ಆ ಮೈ ಪೂರ್ವದ ಕಡೆಯದು ಅನ್ನುವುದನ್ನು ನೆನಪಿಟ್ಟುಕೊಂಡು ನಡಿ. ಗೋಡೆ ಇದ್ದಷ್ಟು ದಿನ ಪಶ್ಚಿಮದ ಮೈಮೇಲೆ ಬಣ್ಣವೋ ಬಣ್ಣ. ಪೂರ್ವದ ಮೈಮೇಲೆ ಬಣ್ಣ ಹಚ್ಚಲು ಜನರಿಗೆ ಬಿಡುತ್ತಿರಲಿಲ್ಲ. ಅಷ್ಟೂ ದಿನ ಖಾಲಿ ಇದ್ದ ಮೈ ಅದು.

ಅಲ್ಲೇ ಥಿಯೆರಿ ನ್ವಾರ್ ಬಿಡಿಸಿದ ದಪ್ಪ ತುಟಿಯ, ಹೊಳೆಯುವ ಬಣ್ಣದ ತಲೆಗಳನ್ನೂ ನೋಡುತ್ತೀಯ. ಫ್ರಾನ್ಸಿನಿಂದ ಬಂದವನು. ಪಶ್ಚಿಮ ಬರ್ಲಿನ್‌ನಲ್ಲಿ ಗೋಡೆಯ ಪಕ್ಕದಲ್ಲೇ ವಾಸ. 1984ರಿಂದ ಅದರ ಮೇಲೆ ಬಿಡಿಸತೊಡಗಿದ. ಗೋಡೆ ನಿಂತಿದ್ದದ್ದು ಗಡಿಯಿಂದ ಸ್ವಲ್ಪ ಒಳಗೆ, ಪೂರ್ವ ಜರ್ಮನಿಯ ನೆಲದಲ್ಲಿ. ಅಂದರೆ ಈ ಕಡೆ ನಿಂತು ಬಣ್ಣ ಹಚ್ಚುವವನನ್ನೂ ಆ ಕಡೆಯ ಕಾವಲುಗಾರರು ಬಂದು ಹಿಡಿಯಬಹುದಿತ್ತು. ಅದಕ್ಕೇ ಅವನ ಗೆರೆ ಅಷ್ಟು ಸರಳ, ಬಣ್ಣ ಅಷ್ಟು ಕಡಿಮೆ. ಬೇಗ ಮುಗಿಸಬೇಕಿತ್ತು.

‘ಅತ್ತೆ, ಅವನೂ ಕಾನೂನು ಮೀರಿದವನೇ ಅಲ್ವಾ’ ಅಂತ ನೀನು ಕೇಳುತ್ತೀಯ, ಗೊತ್ತು. ಹೌದು, ಮೀರಿದ. ಆದರೆ ಅದು ಊರನ್ನೇ ಸೀಳಿದ ಗೋಡೆ ಕಂದ. ಅವನು ದಿನ ಬೆಳಗಾದರೆ ಅದರ ಮುಖ ನೋಡಿ ಬದುಕಿದವನು. ಅದಕ್ಕೆ ಹೇಳಬೇಕಾದ ಮಾತು ಅವನ ಹತ್ತಿರ ಇತ್ತು. ನೀನು ಬರೆಯಹೊರಟಿರುವುದು ನಿನ್ನ ಹೆಸರು. ಅದೂ ಬೆಳಿಗ್ಗೆ ಜನ ಕೆಲಸಕ್ಕೆ ಹೋಗುವ ರೈಲಿನ ಮೇಲೆ. ಅದನ್ನು ಉಜ್ಜಿ ತೆಗೆಯುವ ಮನುಷ್ಯನಿಗೆ ನೀನು ಏನು ಹೇಳಿದ ಹಾಗಾಯಿತು?

ಗ್ಯಾಲರಿ ಮುಗಿದ ಕಡೆ ಓಬರ್‌ಬೌಮ್ ಸೇತುವೆ. ಅದನ್ನು ದಾಟಿದರೆ ಕ್ರೊಯ್ಟ್ಸ್‌ಬರ್ಗ್ ಬಡಾವಣೆ. ಅಲ್ಲಿ ಕುವ್ರಿ ಬೀದಿ ಅಂತ ಒಂದಿದೆ. 2013ರಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ ನಾನು ಆ ಬೀದಿಗೆ ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ಖಾಲಿ ಬಯಲು, ಅದರ ಅಂಚಿನ ಮನೆಗಳ ಗೋಡೆ ತುಂಬ ಎರಡು ದೊಡ್ಡ ಚಿತ್ರ. ಒಂದರಲ್ಲಿ ಇಬ್ಬರು ಒಬ್ಬರ ಮುಖವಾಡ ಒಬ್ಬರು ಕೀಳುತ್ತಿದ್ದರು. ಇನ್ನೊಂದರಲ್ಲಿ ತಲೆಯಿಲ್ಲದ ಒಬ್ಬ ಟೈ ಸರಿಮಾಡಿಕೊಳ್ಳುತ್ತಿದ್ದ. ಅವನ ಎರಡೂ ಕೈಗೆ ಚಿನ್ನದ ಗಡಿಯಾರ, ಎರಡನ್ನೂ ಸೇರಿಸಿ ಒಂದು ಚಿನ್ನದ ಸರಪಳಿ. ಬೇಡಿಯ ಹಾಗೆ! ಬಿಡಿಸಿದವನು ಬ್ಲೂ ಅನ್ನುವ ಹೆಸರಿನ ಇಟಲಿಯವನು.

2016ರಲ್ಲಿ ಮತ್ತೆ ಹೋದೆ. ಗೋಡೆ ಪೂರ್ತಿ ಕಪ್ಪು. 2014ರ ಡಿಸೆಂಬರಿನ ಒಂದು ರಾತ್ರಿ ಬ್ಲೂ ಒಪ್ಪಿಗೆಯಿಂದಲೇ ಅವನ ಜೊತೆಗಾರರು ಕಪ್ಪು ಬಣ್ಣ ಬಳಿದುಬಿಟ್ಟಿದ್ದರು. ಆ ಬಯಲಿನಲ್ಲಿ ಕಟ್ಟಡ ಏಳುವುದಿತ್ತು. ಆ ಬೀದಿಯ ಬಾಡಿಗೆ ಏರುತ್ತಿತ್ತು, ಬಡವರು ಜಾಗ ಬಿಡುತ್ತಿದ್ದರು. ತಮ್ಮ ಚಿತ್ರ ಆ ಜಾಗದ ಮಾರಾಟಕ್ಕೆ ಅಲಂಕಾರ ಆಗಬಾರದು ಅಂತ ತಾವೇ ಅಳಿಸಿದರು.

ನಾನು ಅಲ್ಲೇ ಫುಟ್‌ಪಾತಿನಲ್ಲಿ ನಿಂತು ಅತ್ತುಬಿಟ್ಟೆ. ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಮಕ್ಕಳು ಎರಡು ಬೇಸಿಗೆ ಕೂತು ಕಾಂಪೌಂಡಿನ ತುಂಬ ಬಿಡಿಸಿದ ಚಿತ್ರಕ್ಕೆ ವಾರ್ಷಿಕೋತ್ಸವದ ಮುಂಚೆ ಸುಣ್ಣ ಬಳಿಸಿಬಿಟ್ಟರು. ಯಾರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ. ಅದು ನೆನಪಾಯಿತು. ಆದರೆ ಇಲ್ಲಿ ಬಿಡಿಸಿದವರೇ ಅಳಿಸಿದ್ದರು. ಎರಡೂ ಒಂದೇ ಅಲ್ಲ ಅಂತ ಅರ್ಥವಾಗಲು ನನಗೆ ಸುಮಾರು ದಿನ ಹಿಡಿಯಿತು. ಈಗ ಆ ಬಯಲಿನಲ್ಲಿ ದೊಡ್ಡ ಕಟ್ಟಡ ನಿಂತಿದೆ. ಆದರೂ ಒಂದು ಸಲ ಹೋಗಿ ನಿಂತು ಬಾ.

ಗ್ಯಾಲರಿಗಳ ಒಳಗೆ ಹೋಗಲು ಒಂಥರಾ ಭಯ ಅಂತ ನೀನು ಅಂದಿದ್ದೆ. ಭಯ ಏಕೆ? ಅವೂ ಒಂದು ಕಾಲಕ್ಕೆ ಕೆಲಸದ ಜಾಗಗಳೇ. ಹಾಂಬುರ್ಗರ್ ಬಾನ್‌ಹೋಫ್ ಹತ್ತೊಂಬತ್ತನೇ ಶತಮಾನದ ರೈಲು ನಿಲ್ದಾಣ, ಈಗಿನ ಕಲೆಯ ಮ್ಯೂಸಿಯಂ ಆದದ್ದು 1996ರಲ್ಲಿ. ಔಗುಸ್ಟ್ ಬೀದಿಯ ಕೆ.ಡಬ್ಲ್ಯು. ಅನ್ನುವ ಕಲಾಕೇಂದ್ರ ಒಂದು ಕಾಲದ ಮಾರ್ಗರೀನ್ ಕಾರ್ಖಾನೆ. ಬೋರೊಸ್ ಅನ್ನುವವರ ಖಾಸಗಿ ಕಲಾಸಂಗ್ರಹ ಇರುವುದು ಯುದ್ಧಕಾಲದ ಬಂಕರಿನಲ್ಲಿ. ಕಮ್ಯುನಿಸ್ಟ್ ಆಡಳಿತದಲ್ಲಿ ಅಲ್ಲಿ ಬಾಳೆಹಣ್ಣು ತುಂಬಿಡುತ್ತಿದ್ದರು. ಆಮೇಲೆ ಅದು ಟೆಕ್ನೋ ಕ್ಲಬ್ ಆಯಿತು. ಅಲ್ಲಿಗೆ ಮುಂಚೆಯೇ ಬುಕ್ ಮಾಡಬೇಕು, ಮರೆಯಬೇಡ. ಬೀದಿ ಚಿತ್ರಕ್ಕೇ ಅಂತ ಇರುವ ಅರ್ಬನ್ ನೇಷನ್ ಮ್ಯೂಸಿಯಂ ಬ್ಯೂಲೊ ಬೀದಿಯಲ್ಲಿದೆ. ಎಲ್ಲಿಗೆ ಹೋದರೂ ಎಲ್ಲವನ್ನೂ ನೋಡಿ ಮುಗಿಸುವ ಅವಸರ ಬೇಡ. ಒಂದೇ ಒಂದು ಕೃತಿಯ ಮುಂದೆ ಅರ್ಧ ಗಂಟೆ ಕೂತುಕೋ. ಅರ್ಥ ಆಗದಿದ್ದರೆ ಆಗಲಿಲ್ಲ ಅಂತ ಬರೆದಿಡು. ಫೋನು ಜೇಬಿನಲ್ಲಿರಲಿ.

ಇನ್ನು ನಿನ್ನ ಕೈ ತುರಿಕೆಗೆ ಜಾಗ. ಮೌಅರ್‌ಪಾರ್ಕ್‌ನಲ್ಲಿ ಹಳೆಯ ಗೋಡೆಯ ತುಂಡೊಂದಿದೆ. ಅಲ್ಲಿ ಹಗಲು ಹೊತ್ತಿನಲ್ಲೇ ಸ್ಪ್ರೇ ಮಾಡಬಹುದು, ಯಾರಿಂದಲೂ ಓಡಬೇಕಾಗಿಲ್ಲ. ನಿಧಾನವಾಗಿ ಬಿಡಿಸುವುದನ್ನು ಅಲ್ಲಿ ಕಲಿ. ಪಕ್ಕದಲ್ಲಿ ಬಿಡಿಸುತ್ತಿರುವವರ ಹತ್ತಿರ ಮಾತಾಡು. ಮೂಗಿಗೆ ಮಾಸ್ಕ್ ಹಾಕಿಕೋ, ಆ ಬಣ್ಣದ ಗಾಳಿ ಒಳ್ಳೆಯದಲ್ಲ. ಒಂದು ವಿಷಯ ತಿಳಿದಿರಲಿ: ನೀನು ಶನಿವಾರ ಬಿಡಿಸಿದ್ದರ ಮೇಲೆ ಭಾನುವಾರವೇ ಇನ್ನೊಬ್ಬ ಬಿಡಿಸಬಹುದು. ಅದಕ್ಕೆ ಜಗಳ ಆಡಬೇಡ.

ಬಿಡಿಸಿದ ಮೇಲೆ ನನಗೆ ಎರಡು ಫೋಟೊ ಕಳಿಸು. ಚಿತ್ರ ಮುಗಿದ ದಿನದ್ದು ಒಂದು. ಒಂದು ವಾರ ಬಿಟ್ಟು ಅದೇ ಜಾಗದ್ದು ಇನ್ನೊಂದು.

ನಿನ್ನ ಪ್ರೀತಿಯ
ಅತ್ತೆ