ರುಚಿ ಇದೆ, ಬಾಳಿಕೆ ಬರಬೇಕಲ್ವಾ?

ಸಂಪಾದಕರೇ,

ಹಳ್ಳಿಯ ತಿನಿಸುಗಳಿಗೆ ಮೇಳ ನಡೆಸುವುದು ಒಳ್ಳೆಯದೇ. ಆದರೆ ಮನೆಯಲ್ಲೇ ಪುಡಿ, ಜಾಮ್ ಮಾಡಿ ಮಾರುವವರನ್ನು ಜಾಸ್ತಿ ಕಾಡುವುದು ಬಾಳಿಕೆ. ಪುಡಿ ಸರಿಯಾಗಿ ಒಣಗದಿದ್ದರೆ ಪ್ಯಾಕೆಟ್ ಒಳಗೇ ಗಂಟು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ, ಒಂದು ಸಲ ಹಾಗಾದರೆ ಸಾಕು, ಅಂಗಡಿಯವರು ಮತ್ತೆ ಇಟ್ಟುಕೊಳ್ಳುವುದಿಲ್ಲ. ಜಾಮನ್ನು ಬಿಸಿ ಇರುವಾಗಲೇ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ, ಆರುತ್ತಾ ಬಂದಂತೆ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗುತ್ತದೆ. ಸೀಲ್ ಆಗಿದೆ ಅನ್ನೋದಕ್ಕೆ ಅದೇ ಗುರುತು. ಹುಳಿಯ ಅಳತೆ, ಅಂದರೆ ಪಿಎಚ್ (ಇದು ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ), 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ, ಜೀವಕ್ಕೇ ಅಪಾಯವಾಗುವ ಆಹಾರ ವಿಷಬಾಧೆ ತರುವ ರೋಗಾಣು ಬೆಳೆಯುವುದಿಲ್ಲ. ಇದನ್ನೆಲ್ಲ ಪಕ್ಕದಲ್ಲಿ ನಿಂತು ಕಲಿಸುವವರು ಬೇಕು.

ಡ್ರೈಯರ್, ಸೀಲಿಂಗ್ ಮೆಷಿನ್ ಒಬ್ಬರೇ ಕೊಳ್ಳುವುದು ಕಷ್ಟ. ಸರ್ಕಾರ ನಾಲ್ಕಾರು ಹಳ್ಳಿಗೆ ಸೇರಿ ಒಂದು ಅಡುಗೆಮನೆ ಕಟ್ಟಿಕೊಡಲಿ, ಅಲ್ಲೇ ಪರೀಕ್ಷೆಗೂ ಲೇಬಲ್ ಬರೆಯೋದಕ್ಕೂ ನೆರವಾಗಲಿ. ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ: ಸರಕು ತಗೊಂಡ ದೊಡ್ಡ ಅಂಗಡಿಗಳು ತಿಂಗಳುಗಟ್ಟಲೆ ಹಣ ಬಾಕಿ ಇಡಬಾರದು. ಆ ದುಡ್ಡು ಕೈಗೆ ಬಂದರೆ ತಾನೇ ಮುಂದಿನ ಸಲಕ್ಕೆ ಹಣ್ಣು, ಬಾಟಲಿ ತರೋದು?

— ನಿಮ್ಮ ಓದುಗ