ಭಾನುವಾರದ ಮಾತುಕತೆ: ಹೈಟಿ ಮತ್ತು ಲೂಯಿಸಿಯಾನದ ಕ್ರಿಯೋಲರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಮ್ಮ ಇತಿಹಾಸ ಓದಿನ ಆನ್‌ಲೈನ್ ಮಾತುಕತೆ ಇದೆ. ಹೆಸರು ಕೊಟ್ಟವರೆಲ್ಲ ದಯವಿಟ್ಟು ಬನ್ನಿ.

ಬರುವ ಮುಂಚೆ ಇಷ್ಟು ಗೊತ್ತಿರಲಿ. ಕ್ರಿಯೋಲರು ಅಂದರೆ ಅಮೆರಿಕದ ಲೂಯಿಸಿಯಾನದಲ್ಲಿ ಫ್ರೆಂಚ್, ಸ್ಪ್ಯಾನಿಷ್ ಆಳ್ವಿಕೆಯ ಕಾಲದಿಂದ ನೆಲೆಸಿದ್ದ ಜನ ಮತ್ತು ಅವರ ವಂಶದವರು. ಕೆರಿಬಿಯನ್‌ನಲ್ಲಿದ್ದ ಫ್ರೆಂಚ್ ವಸಾಹತು ಸೇಂಟ್ ಡೊಮಿಂಗ್‌ನಲ್ಲಿ 1791ರಲ್ಲಿ ಗುಲಾಮರು ದಂಗೆ ಎದ್ದರು. 1804ರ ಜನವರಿ 1ರಂದು ಅದೇ ನೆಲ ಸ್ವತಂತ್ರ ಹೈಟಿ ಆಯಿತು. ಊರು ಬಿಟ್ಟವರಲ್ಲಿ ತುಂಬಾ ಜನ ಸ್ಪೇನ್ ಆಳುತ್ತಿದ್ದ ಕ್ಯೂಬಾ ಸೇರಿದ್ದರು. ಫ್ರಾನ್ಸ್ ವಿರುದ್ಧ ಸ್ಪೇನ್ ಯುದ್ಧಕ್ಕಿಳಿದಾಗ ಅಲ್ಲಿಂದಲೂ ಹೊರಬಿದ್ದರು. 1809–10ರಲ್ಲಿ 9,000ಕ್ಕೂ ಹೆಚ್ಚು ಜನ ಲೂಯಿಸಿಯಾನದ ನ್ಯೂ ಆರ್ಲಿಯನ್ಸ್ ನಗರಕ್ಕೆ ಬಂದಿಳಿದರು. ನಗರದ ಜನಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು!

ಆದರೆ ಇವರೆಲ್ಲರನ್ನೂ ಸುಮ್ನೆ 'ನಿರಾಶ್ರಿತರು' ಅಂದುಬಿಟ್ಟರೆ ತಪ್ಪಾಗುತ್ತದೆ. ಬಂದವರಲ್ಲಿ ಬಿಳಿಯರು, ಸ್ವತಂತ್ರರಾಗಿದ್ದ ಮಿಶ್ರ ಮತ್ತು ಕಪ್ಪು ಜನ, ಗುಲಾಮರು ಹೀಗೆ ಮೂರು ಪಾಲು. ದಂಗೆಯಿಂದ ಬಿಡುಗಡೆ ಕಂಡಿದ್ದ ಎಷ್ಟೋ ಜನರನ್ನು ಇಲ್ಲಿ ಮತ್ತೆ ಗುಲಾಮರನ್ನಾಗಿ ಮಾಡಿದರು. ನನಗೆ ಜಾಸ್ತಿ ನೋವು ಕೊಟ್ಟಿದ್ದು ಇದೇ. ಇದರ ಬಗ್ಗೆ ಹೆಚ್ಚು ಹೊತ್ತು ಮಾತಾಡೋಣ.

ಊಟ, ವೂಡೂ (ಆಫ್ರಿಕಾ ಮೂಲದ ಧರ್ಮಾಚರಣೆ), ಮನೆಗಳ ವಿಷಯ ಕೊನೆಗೆ.

ಕೆರಿಬಿಯನ್ ನಕ್ಷೆ ಹತ್ತಿರ ಇಟ್ಟುಕೊಳ್ಳಿ. ಒಬ್ಬೊಬ್ಬರು ಒಂದೊಂದು ಪ್ರಶ್ನೆ ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ 'ಬರ್ತೀನಿ' ಎಂದು ಹಾಕಿ. ಲಿಂಕ್ ಶನಿವಾರ ಕಳಿಸುತ್ತೇನೆ.